ತಾರೀಖು ಸರಿ ಮಾಡಿದ್ದು

ತಪ್ಪು ತಾರೀಖು ತೋರಿಸುವ ವಸ್ತು ಮನೆಯಲ್ಲಿದ್ದರೆ ನನಗೆ ಊಟ ಸೇರುವುದಿಲ್ಲ. ಇದನ್ನು ಗುಣವೆಂದು ಹೇಳಿಕೊಳ್ಳುತ್ತಿಲ್ಲ. ಕೆಲವರಿಗೆ ಬದನೆಕಾಯಿ ತಿಂದರೆ ಮೈ ಕೆರೆಯುತ್ತದಲ್ಲ, ಅಂಥದೇ ಒಂದು ಬಾಧೆ. ಬೆಳಗ್ಗೆ ಎದ್ದು ಹಲ್ಲುಜ್ಜುವ ಮೊದಲೇ ಕ್ಯಾಲೆಂಡರಿನ ಹಾಳೆ ಹರಿಯುವವನು ನಾನು. ಒಮ್ಮೆ ಬೀಗರ ಮನೆಯಲ್ಲೂ ಹರಿದು ಬೈಸಿಕೊಂಡೆ. ಆ ಹಾಳೆಯ ಹಿಂದಿದ್ದ ಅಡುಗೆಯ ವಿಧಾನವನ್ನು ಬೀಗಿತಿ ಇನ್ನೂ ಓದಿರಲಿಲ್ಲವಂತೆ. ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕನಾಗಿ ಸೀಟಿ ಊದುತ್ತಲೇ ನಿವೃತ್ತನಾದವನು. ಸೀಟಿ ಹೋಯಿತು, ಶಿಸ್ತು ಉಳಿಯಿತು, ಅದನ್ನು ಸಹಿಸಲು ಮನೆಯಲ್ಲಿ ಹೆಂಡತಿಯೊಬ್ಬಳೇ ಉಳಿದಳು.

ಅವಳ ಹೆಸರು ನೀಲಮ್ಮ. ಅವಳ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಾಗ ಹುಬ್ಬಳ್ಳಿಯ ಡಾಕ್ಟರರು ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಜೀವ ಉಳಿಯಿತು, ಮಾತು ಉಳಿಯಲಿಲ್ಲ. ಉಸಿರಾಡಲು ಕೊರಳಲ್ಲೊಂದು ತೂತು, ಮಾತಾಡಲು ಕೈಯಲ್ಲೊಂದು ಪಾಟಿ. ಮೊದಲು ಎಷ್ಟು ವೇಗದಲ್ಲಿ ಮಾತಾಡುತ್ತಿದ್ದಳೋ ಅಷ್ಟೇ ವೇಗದಲ್ಲಿ ಬರೆಯಲು ಶುರುಮಾಡಿದಳು. ಮೊದಲನೆಯ ಬೈಗುಳವನ್ನು ನಾನು ಓದಿ ಮುಗಿಸುವುದರೊಳಗೆ ಸೆರಗಿನಿಂದ ಒರೆಸಿ ಎರಡನೆಯದನ್ನು ಬರೆದಿರುತ್ತಿದ್ದಳು.

ಬಾಗಲಕೋಟೆಯ ನಮ್ಮ ಮನೆಗೆ ಪಾಟಿ ಸಾಕಿತ್ತು. ಸಾಲದೆ ಹೋದದ್ದು ಇಳಕಲ್ಲಿಗೆ. ಅಲ್ಲಿ ನೀಲಮ್ಮನ ತಾಯಿ ಮಗನ ಮನೆಯಲ್ಲಿದ್ದರು. ಮುಂದಿನ ಕೋಣೆಯಲ್ಲಿ ಮಗ್ಗಗಳು, ಹಿಂದಿನ ಕೋಣೆಯಲ್ಲಿ ಎರಡೂ ಕಣ್ಣು ಹೋದ ಮುದುಕಿ. ವಾರಕ್ಕೊಮ್ಮೆ ಮಗಳ ಮಾತನ್ನು ಫೋನಿನಲ್ಲಿ ಕೇಳಿದರೇ ಅವರಿಗೆ ವಾರ ಕಳೆದಂತೆ. ಆಪರೇಷನ್ನಿನ ಸುದ್ದಿ ಅವರಿಗೆ ಹೇಳುವುದು ಬೇಡ, ಹೊತ್ತು ನೋಡಿ ಹೇಳೋಣ ಎಂದು ತೀರ್ಮಾನಿಸಿದವನು ನಾನು. ಮೊದಲು ಗಂಟಲು ಕಟ್ಟಿದೆ ಎಂದೆ. ಅದು ಹಳತಾದ ಮೇಲೆ ಮೌನವ್ರತ ಹಿಡಿದಿದ್ದಾಳೆ ಎಂದೆ.

"ಅಕಿ ಮೌನ ಹಿಡದಾಳಾ?" ಎಂದರು ಅತ್ತೆ. "ಮಾಸ್ತರ್ರ, ಅಕೀನ ಹಡದಾಕಿ ನಾ. ಸುಳ್ಳರ ಒಂದೀಟು ಚಂದಂಗ ಹೇಳ್ರಿ."

ಕೆಲವು ದಿನಗಳಲ್ಲಿ ನೀಲಮ್ಮನ ತಮ್ಮ ಫೋನ್ ಮಾಡಿದ. "ಮಾವಾರ, ಅವ್ವ ರಾತ್ರಿ ಊಟ ಬಿಟ್ಟಾಳ್ರಿ. ಅಕ್ಕ ಸತ್ತಾಳ, ನೀವೆಲ್ಲಾರೂ ಕೂಡಿ ಮುಚ್ಚಿಟ್ಟೀರಿ ಅಂತಾಳ. ಬಾಗಲಕೋಟಿಂದ ಯಾರ ಸೀರಿ ಒಯ್ಯಾಕ ಬಂದ್ರೂ, ನನ್ನ ಮಗಳ ಮಣ್ಣಿಗೆ ಹೋಗಿದ್ದೇನವಾ ಅಂತ ಕೇಳ್ತಾಳ."

ನೀಲಮ್ಮನನ್ನೇ ಕರೆದೊಯ್ಯೋಣವೆಂದರೆ ಧೂಳಿನ ದಾರಿಗೆ ಡಾಕ್ಟರರ ಅಪ್ಪಣೆಯಿರಲಿಲ್ಲ. ಇದ್ದಿದ್ದರೂ ಕುರುಡು ತಾಯಿ ಮಗಳನ್ನು ನೋಡುವುದು ಕೈಯಿಂದ. ಆ ಕೈ ಮೊದಲು ಹೋಗುವುದು ಕೊರಳಿಗೆ.

ಆಗ ನನ್ನ ಕಣ್ಣು ಕಂಪ್ಯೂಟರಿನ ಮೇಲೆ ಬಿತ್ತು. ಕ್ರೀಡಾಕೂಟಗಳ ದಾಖಲೆ ಇಡಲೆಂದು ತಂದದ್ದು, ಹೆಚ್ಚಾಗಿ ಬಟ್ಟೆ ಹೊದ್ದು ಮಲಗಿರುತ್ತಿತ್ತು. ಬರೆದದ್ದನ್ನು ಗಟ್ಟಿಯಾಗಿ ಓದುವ ಸಾಫ್ಟ್‌ವೇರ್ ಇದೆಯೆಂದು ಕಂಪ್ಯೂಟರ್ ಮಾರಿದ ಅಂಗಡಿಯ ಮಂಜುನಾಥ ಹೇಳಿದ. ಇಂಟರ್ನೆಟ್ಟಿನಿಂದ ಇಳಿಸಿ ತಂದು ಹಾಕಿಯೂ ಕೊಟ್ಟ. ಒಳಗಿದ್ದದ್ದು ಒಬ್ಬ ಗಂಡಸಿನ ದನಿ, ಅದೂ ಪರದೇಶದ್ದು. ನೀಲಮ್ಮ ಇಂಗ್ಲಿಷ್ ಅಕ್ಷರಗಳಲ್ಲಿ ನಮ್ಮ ಮಾತು ಒತ್ತಿದರೆ, ಅವನು ನೆಗಡಿಯಾದ ಗೌರ್ನರನ ಹಾಗೆ "ಊಟಕ್ಕ ಬರ್ರಿ" ಎನ್ನುತ್ತಿದ್ದ. ನಾವು ಅವನನ್ನು ಸಾಹೇಬ ಎಂದೆವು. ಹಾಲಿನ ಕಾಶವ್ವ ಬಾಗಿಲಲ್ಲೇ ನಿಂತು, "ಯಾರೋ ದೊಡ್ಡ ಮಂದಿ ಬಂದಾರಲ್ರಿ, ಅರ್ಧ ಲೀಟರ್ ಹೆಚ್ಚಿಗಿ ಹಾಕ್ಲೇನು?" ಎಂದಳು. ಕರೆಂಟು ಹೋದರೆ ಸಾಹೇಬನಿಗೆ ಯುಪಿಎಸ್ ಇರುವಷ್ಟೇ ಆಯುಷ್ಯ. ಅದು ಕುಂಯ್‌ಗುಟ್ಟಲು ಶುರುಮಾಡಿದರೆ ನೀಲಮ್ಮ ಮುಖ್ಯವಾದ ಬೈಗುಳಗಳನ್ನಷ್ಟೇ ಆರಿಸಿ ಒತ್ತುತ್ತಿದ್ದಳು.

ಸಾಹೇಬ ಪುಕ್ಕಟೆಯಾಗಿ ದುಡಿಯುವುದು ಮೂವತ್ತು ದಿನ ಮಾತ್ರ. ಅವನ ನಾಲಿಗೆಗೆ ನಮ್ಮ ಮಾತು ಹೊಂದಿಸುವುದರಲ್ಲೇ ಅವು ಕಳೆದವು. ಆಮೇಲೆ ಕೊಳ್ಳೋಣವೆಂದರೆ ಪರದೇಶದಲ್ಲಿ ನಡೆಯುವ ಕ್ರೆಡಿಟ್ ಕಾರ್ಡ್ ಬೇಕು. ನಮ್ಮ ಓಣಿಯಲ್ಲಿದ್ದದ್ದು ರೇಷನ್ ಕಾರ್ಡ್. ಮಂಜುನಾಥ ಅದಕ್ಕೂ ದಾರಿ ಹುಡುಕಿದ. "ತಾರೀಖ ಹಿಂದಕ ಸರಸೇನ್ರಿ ಸರ. ಇನ್ನೂ ದಿನ ತುಂಬಿಲ್ಲ ಅಂತ ತಿಳಕೊಂಡು ಮಾತಾಡ್ತೈತಿ. ಆದ್ರ ಇದನ್ನ ಮುಟ್ಟಬ್ಯಾಡ್ರಿ." ನಾನು ಹೂಂ ಅಂದೆ.

ಅಂದಿನಿಂದ ಪರದೆಯ ಮೂಲೆಯಲ್ಲಿ ಹೋದ ತಿಂಗಳು ಕೂತುಕೊಂಡಿತು. ನೀಲಮ್ಮ ಮಾತ್ರ ದಿನವೂ ಅದರ ಮುಂದೆ ಕೂತು ತಾಯಿಗೆ ಹೇಳಬೇಕಾದದ್ದನ್ನು ಒತ್ತುತ್ತಿದ್ದಳು, ಅಳಿಸುತ್ತಿದ್ದಳು. ಅವ್ವಾ, ನಾ ನೀಲಾ. ದನಿ ಮಷೀನಂದು, ಮಾತು ನಂದು. ನಂಬಿಕೆಗೆ ಒಂದು ಗುರುತೂ ಸೇರಿಸಿದಳು: ಸಣ್ಣವಳಿದ್ದಾಗ ಅಪ್ಪನ ಮಗ್ಗದ ಲಾಳಿಯನ್ನು ಬಾವಿಗೆ ಒಗೆದವಳು ಅವಳೇ, ಪೆಟ್ಟು ತಿಂದವನು ತಮ್ಮ. ಅದು ಗೊತ್ತಿದ್ದದ್ದು ತಾಯಿ ಮಗಳಿಗಷ್ಟೇ.

ಅದನ್ನು ಕೇಳಿಸಲು ಗೊತ್ತುಮಾಡಿದ ಫೋನಿನ ದಿನ ಬಂತು. ಬೆಳಗ್ಗೆ ಕ್ಯಾಲೆಂಡರ್ ಹಾಳೆ ಹರಿದೆ, ಗಡಿಯಾರಕ್ಕೆ ಕೀಲಿ ಕೊಟ್ಟೆ, ಕಂಪ್ಯೂಟರಿನ ಧೂಳು ಒರೆಸಿದೆ. ಮೂಲೆಯಲ್ಲಿ ಹೋದ ತಿಂಗಳು ನನ್ನನ್ನೇ ನೋಡುತ್ತಿತ್ತು. ಶುಭಕಾರ್ಯದ ದಿನ ಇಂಥ ಅವ್ಯವಸ್ಥೆ ಬೇಡವೆನ್ನಿಸಿತೋ, ಅಥವಾ ಕೈ ತಾನೇ ಹೋಯಿತೋ, ಹೇಳಲಾರೆ. ಸರಿಯಾದ ತಾರೀಖು ಹಾಕಿ, ಸಮಾಧಾನವಾಗಿ ಸ್ನಾನಕ್ಕೆ ಹೋದೆ.

ಇಳಕಲ್ಲಿನ ನಂಬರ್ ಒತ್ತಿದೆ, ಫೋನು ಹತ್ತಿತು. ರಿಸೀವರನ್ನು ಸ್ಪೀಕರಿನ ಹತ್ತಿರ ಹಿಡಿದೆ. ನೀಲಮ್ಮ ಸಾಹೇಬನನ್ನು ತೆರೆದು ಗುಂಡಿ ಒತ್ತಿದಳು. ಅವನು ಗಂಭೀರವಾಗಿ, ಸೊಗಸಾದ ಇಂಗ್ಲಿಷಿನಲ್ಲಿ, ತನ್ನ ಅವಧಿ ಮುಗಿದಿದೆಯೆಂದೂ, ವಿಷಾದವಿದೆಯೆಂದೂ, ಇನ್ನು ಮುಂದುವರಿಯಲು ಸಾಧ್ಯವಿಲ್ಲವೆಂದೂ ಹೇಳಿದ. ಪರದೆಯ ಮೇಲೆ ಬಂದದ್ದನ್ನೆಲ್ಲ ಓದುವುದು ಅವನ ಧರ್ಮ. ತನ್ನ ನೋಟೀಸನ್ನೂ ತಾನೇ ಓದಿದ.

ಆ ಕಡೆ ಮಗ್ಗದ ಸದ್ದು. ಅದರ ನಡುವಿನಿಂದ ಅತ್ತೆಯ ದನಿ: "ಡಾಕ್ಟರ್ ಸಾಹೇಬ್ರ, ನಿಮ್ಮ ಇಂಗ್ಲೀಸು ನನಗ ತಿಳ್ಯಾಂಗಿಲ್ಲ. ನನ್ನ ಮಗಳು ಅದಾಳೋ, ಹ್ವಾದ್ಳೋ? ಅಷ್ಟ ಹೇಳಿಬಿಡ್ರಿ."

ನೀಲಮ್ಮ ಮತ್ತೆ ಒತ್ತಿದಳು. ಸಾಹೇಬ ಮತ್ತೆ ವಿಷಾದ ವ್ಯಕ್ತಪಡಿಸಿದ. ಅತ್ತೆ ಅಳಲು ಶುರುಮಾಡಿದರು. ನೀಲಮ್ಮ ರಿಸೀವರ್ ಕಸಿದುಕೊಂಡು ಬಳೆಯಿಂದ ಅದನ್ನು ಬಡಿದಳು. ಅಳುವವರಿಗೆ ಬಳೆ ಎಲ್ಲಿ ಕೇಳಬೇಕು? ಅವಳ ಕೊರಳಿನ ತೂತು ಸುಯ್ ಸುಯ್ ಅನ್ನುತ್ತಿತ್ತು. ಆಮೇಲೆ ಅವಳು ನನ್ನನ್ನು ನೋಡಿದಳು.

ನಾನು ರಿಸೀವರ್ ತೆಗೆದುಕೊಂಡೆ. "ಅತ್ತಿ, ನಾನ್ರಿ. ಅಕಿ ಅದಾಳ, ಇಲ್ಲೇ ಕುಂತಾಳ. ಗಂಟಲಾಗ ಗಡ್ಡಿ ಆಗಿತ್ತು, ತಗದಾರ. ಗಡ್ಡಿ ಜೋಡಿ ದನೀನೂ ಹೋತು. ಇನ್ನ ಬರೂದಿಲ್ಲ."

ಇಷ್ಟನ್ನು ಹೇಳಿದ್ದಕ್ಕಿಂತ ಫೋನಿನ ನಂಬರ್ ಒತ್ತುವುದಕ್ಕೇ ಹೆಚ್ಚು ಹೊತ್ತು ಹಿಡಿದಿತ್ತು.

ಆ ಕಡೆ ಅತ್ತೆ ಮೂಗು ಒರೆಸಿಕೊಂಡದ್ದು ಕೇಳಿಸಿತು. ಆಮೇಲೆ, "ಉಣ್ತಾಳೇನು?"

"ಉಣ್ತಾಳ್ರಿ. ಮೆತ್ತಗಂದು."

"ಅಕಿ ಕಡೆ ಕೊಡ್ರಿ."

ಕೊಟ್ಟೆ. ತಾಯಿ ಏನು ಹೇಳಿದರೋ ನನಗೆ ಕೇಳಲಿಲ್ಲ. ನೀಲಮ್ಮ ರಿಸೀವರ್ ಕಿವಿಗೆ ಒತ್ತಿಕೊಂಡು ಬಹಳ ಹೊತ್ತು ಕೂತಿದ್ದಳು. ನಡುನಡುವೆ, ಕಾಣದ ತಾಯಿಗೆ ತಲೆಯಾಡಿಸುತ್ತಿದ್ದಳು. ಫೋನು ಇಟ್ಟ ಮೇಲೆ ಕಣ್ಣು ಒರೆಸಿಕೊಂಡು ಪಾಟಿ ಎಳೆದುಕೊಂಡಳು. ಎಂದಿನ ವೇಗವಿರಲಿಲ್ಲ, ಒಂದೊಂದೇ ಅಕ್ಷರ ತಿದ್ದಿ ಬರೆದಳು.

"ನನ್ನ ದನಿ ಡಾಕ್ಟರ್ ತಗದ್ರು. ನಿಮ್ದು ಯಾರು ತಗದಿದ್ರು?"

ಓದಿ ಬಾಯಿ ತೆರೆದೆ. ಅವಳು ಪಾಟಿಯನ್ನು ಸೆರಗಿನಿಂದ ಚೊಕ್ಕವಾಗಿ ಒರೆಸಿ, ಬಳಪವನ್ನು ನನ್ನ ಕೈಗೆ ಕೊಟ್ಟಳು.