ಅಕ್ಕನ ಅಚ್ಚಿಗೆ ನಾನು ಮಾಡಿದ ಸಹಾಯ

ಮನೆಗೆಲಸಕ್ಕೆ ಗಂಡಸರೂ ಕೈಹಾಕಬೇಕು ಎಂದು ಈಗ ಎಲ್ಲರೂ ಹೇಳುತ್ತಾರೆ. ಕೈಹಾಕಿದ ಮೇಲೆ ಏನಾಗುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ನನ್ನ ಅನುಭವದಲ್ಲಿ ಕೆಲಸ ಮಾಡದ ಗಂಡಸಿನಿಂದ ಮನೆಗೆ ಆಗುವ ನಷ್ಟ ಗೊತ್ತಿರುವಷ್ಟೇ. ಹುಮ್ಮಸ್ಸಿನಿಂದ ಎದ್ದುನಿಂತ ಗಂಡಸಿನಿಂದ ಆಗುವ ನಷ್ಟಕ್ಕೆ ಅಳತೆಯಿಲ್ಲ. ನನ್ನ ಹೆಸರು ಪಾಸ್ಕು, ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಹೊನ್ನಾವರದ ಬಂದರಿನಲ್ಲಿ ಮೀನುದೋಣಿಗಳ ಎಂಜಿನ್ ರಿಪೇರಿ ಮಾಡುತ್ತೇನೆ. ಕೈಯಲ್ಲಿ ನಟ್ಟು ಬಿಚ್ಚುವ ಪಾನ ಹಿಡಿದಷ್ಟು ಸಲೀಸಾಗಿ ಪೆನ್ನು ಹಿಡಿಯಲು ಬರುವುದಿಲ್ಲ. ಆದರೂ ಇದನ್ನು ಬರೆಯಲು ಕುಳಿತಿದ್ದೇನೆ, ಯಾಕೆಂದರೆ ಬಾಯಿಯಲ್ಲಿ ಹೇಳಲು ಎರಡು ಸಲ ಹೋಗಿ ಎರಡು ಸಲವೂ ಅರ್ಧಕ್ಕೇ ವಾಪಸು ಬಂದಿದ್ದೇನೆ.

ವಿಷಯ ಒಂದು ಕಬ್ಬಿಣದ ಅಚ್ಚಿನದು. ಕ್ರಿಸ್ಮಸ್ಸಿಗೆ ನಮ್ಮವರು ಅಕ್ಕಿಹಿಟ್ಟು, ತೆಂಗಿನಹಾಲು, ಮೊಟ್ಟೆ, ಸಕ್ಕರೆ ಕಲಸಿ, ಉದ್ದ ಹಿಡಿಯ ಹೂವಿನಾಕಾರದ ಅಚ್ಚನ್ನು ಅದರಲ್ಲಿ ಅದ್ದಿ, ಕಾದ ಎಣ್ಣೆಯಲ್ಲಿ ಹೂವು ಕರಿಯುತ್ತಾರೆ. ಅಚ್ಚನ್ನು ಒಮ್ಮೆ ಅಲುಗಿಸಿದರೆ ಹೂವು ತಾನಾಗಿ ಕಳಚಿಕೊಂಡು ತೇಲಬೇಕು. ಅಮ್ಮನ ಕಾಲದ ಆ ಅಚ್ಚು ಈಗ ಕುಮಟೆಯಲ್ಲಿರುವ ನನ್ನ ಅಕ್ಕ ಫಿಲೋಮಿನಾಳದ್ದು. ಆದರೆ ಮೊದಲ ಹೂವು ತವರಿನಲ್ಲೇ ಆಗಬೇಕೆಂದು ಅವಳ ಹಟ. ಅದಕ್ಕೇ ಪ್ರತಿವರ್ಷ ಡಿಸೆಂಬರಿನಲ್ಲಿ ಅಚ್ಚು ಮೊದಲು ನಮ್ಮ ಮನೆಗೆ ಬರುತ್ತದೆ. ನನ್ನ ಹೆಂಡತಿ ಲೀನಾ ಹೂವು ಕರಿದು, ಹಳೆಯ ಬಟ್ಟೆಯಲ್ಲಿ ಒರೆಸಿ ಇಡುತ್ತಾಳೆ, ನಾನು ಅದನ್ನು ಬಸ್ಸಿನಲ್ಲಿ ಒಯ್ದು ಕುಮಟೆಗೆ ಮುಟ್ಟಿಸುತ್ತೇನೆ. ಇಷ್ಟು ವರ್ಷ ಕ್ರಿಸ್ಮಸ್ ತಯಾರಿಯಲ್ಲಿ ನನ್ನ ಪಾಲಿನ ದೊಡ್ಡ ಕೆಲಸವೆಂದರೆ ಇದೇ. ಇನ್ನೊಂದು, ನಕ್ಷತ್ರ ಕಟ್ಟುವುದು. ಅದನ್ನು ಅರ್ಧ ಗಂಟೆಯಲ್ಲಿ ಕಟ್ಟಿ ಮೂರು ದಿನ ಅದರ ಬಗ್ಗೆ ಮಾತಾಡುತ್ತೇನೆ ಎಂದು ಲೀನಾ ಹೇಳುತ್ತಾಳೆ.

ಕಳೆದ ವರ್ಷ ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದ ಒಂದು ಭಾನುವಾರ ನಮ್ಮ ಫಾದರ್ ಪ್ರಸಂಗದಲ್ಲಿ, ಹಬ್ಬ ಎಲ್ಲರದ್ದು, ಬೆವರು ಮಾತ್ರ ಹೆಂಗಸರದ್ದು ಯಾಕೆ ಎಂದು ಕೇಳಿದರು. ಹೆಂಗಸರು ಕುಳಿತ ಕಡೆಯಿಂದ ಒಟ್ಟಿಗೇ ಕೆಮ್ಮು ಬಂತು. ಗಂಡಸರೆಲ್ಲ ತಲೆಯೆತ್ತಿ ಚರ್ಚಿನ ಮಾಡು ನೋಡಿದೆವು. ಮನೆಗೆ ಬರುವ ದಾರಿಯಲ್ಲೇ ನನ್ನ ಮನಸ್ಸು ಬದಲಾಗಿತ್ತು. ಅಂದು ಲೀನಾ ಹೂವು ಕರಿದು ಮುಗಿಸಿ ಚರ್ಚಿಗೆ ಹಾಡಿನ ಅಭ್ಯಾಸಕ್ಕೆ ಹೊರಟಾಗ, ಪಾತ್ರೆಗಳೆಲ್ಲ ನನಗಿರಲಿ ಎಂದೆ. ಅವಳು ನನ್ನ ಹಣೆ ಮುಟ್ಟಿ ನೋಡಿ ಹೋದಳು.

ಬಾಣಲೆ ತೊಳೆದೆ, ಜರಡಿ ತೊಳೆದೆ. ಆಮೇಲೆ ಅಚ್ಚು ಕಣ್ಣಿಗೆ ಬಿತ್ತು. ಕಪ್ಪೆಂದರೆ ಕಪ್ಪು. ದಿನವೂ ಪಿಸ್ಟನ್ನಿಗೆ ಹಿಡಿದ ಕರಿ ಕೆರೆದು ತೆಗೆಯುವವನಿಗೆ ಅದನ್ನು ನೋಡಿ ಕೈ ಸುಮ್ಮನಿರುತ್ತದೆಯೇ? ಅಮ್ಮನ ಕಾಲದಿಂದ ಯಾರೂ ಇದನ್ನು ಸರಿಯಾಗಿ ತೊಳೆದಿಲ್ಲವಲ್ಲ ಎಂದು ಮನೆಯ ಹೆಂಗಸರ ಮೇಲೆ ಕನಿಕರವೂ ಬಂತು. ಸೀಮೆಎಣ್ಣೆಯಲ್ಲಿ ನೆನೆಸಿ, ತಂತಿಬ್ರಶ್ಶಿನಿಂದ ಉಜ್ಜಿ, ಎಮರಿ ಪೇಪರ್ ಹಾಕಿ, ಕೊನೆಗೆ ಸಾಬೂನಿನಲ್ಲಿ ತೊಳೆದೆ. ಒಂದೂವರೆ ತಾಸಿನ ಕೆಲಸ. ಅಂಗಡಿಯಿಂದ ಈಗಷ್ಟೇ ತಂದಂತೆ ಹೊಳೆಯಿತು. ಲೀನಾ ಬಂದ ಕೂಡಲೇ ಕಾಣಲಿ ಎಂದು ಅದನ್ನು ಮೇಜಿನ ನಡುವೆ ಇಟ್ಟೆ.

ನಮ್ಮ ಮನೆಯಲ್ಲಿ ಮಾತು ಕೊಂಕಣಿ, ಜಗಳ ಕನ್ನಡ. ಲೀನಾ ಭಟ್ಕಳದವಳು, ಜಗಳ ನೆರೆಮನೆಯವರಿಗೂ ಅರ್ಥವಾಗಬೇಕು ಎನ್ನುವ ಪೈಕಿ. ಅಂದು ಮಾತ್ರ ಅವಳು ಮೇಜಿನ ಹತ್ತಿರ ನಿಂತು ತೀರ ಮೆಲ್ಲಗೆ, ಆದರೆ ಕನ್ನಡದಲ್ಲೇ ಹೇಳಿದಳು.

"ಅದು ಕೊಳೆ ಅಲ್ಲ ಮಾರಾಯ್ರೆ. ನಲವತ್ತು ವರ್ಷ ಎಣ್ಣೆ ಕುಡ್ದು ಆ ಕಪ್ಪು ಬಂದದ್ದು. ಅದಿದ್ರೇ ಹೂ ಬಿಡ್ತದೆ. ಇನ್ನು ಹಿಟ್ಟು ಅಂಟ್ಕೊಂಡೇ ಕೂರ್ತದೆ. ಈಗ್ಲೇ ಫಿಲುಅಕ್ಕಂಗೆ ಫೋನ್ ಮಾಡಿ ಹೇಳಿ."

ಇಂಥದ್ದನ್ನೆಲ್ಲ ಎದುರಿಗೇ ಹೇಳಬೇಕು, ಫೋನಿನಲ್ಲಿ ಹೇಳಬಾರದು ಎಂದೆ. ಮರುದಿನ ಬಂದರಿಗೆ ಒಯ್ದು, ದೀಪದ ಹೊಗೆಗೆ ಹಿಡಿದು, ಮೇಲೆ ಕೊಬ್ಬರಿ ಎಣ್ಣೆ ಸವರಿ, ಪುನಃ ಮಸಿ ಹಿಡಿಸಿ, ಅಚ್ಚನ್ನು ಮೊದಲಿನಷ್ಟೇ ಕಪ್ಪು ಮಾಡಿದೆ. ನನ್ನ ಕೈಕೆಲಸವನ್ನು ನಾನೇ ಮೆಚ್ಚಿಕೊಂಡೆ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ಒಂದು ವರ್ಷದ ಹೂವು ನಾಲ್ಕು ಮುರಿದರೆ ಯಾರ ಗಂಟು ಹೋಗುತ್ತದೆ ಎಂದುಕೊಂಡು ಮಂಗಳವಾರ ಕುಮಟೆಯ ಬಸ್ಸು ಹತ್ತಿದೆ.

ಹೋಗುವ ಗಂಟು ಏನೆಂದು ಕುಮಟೆಯಲ್ಲಿ ತಿಳಿಯಿತು. ಅದೇ ವರ್ಷದ ಮಳೆಗಾಲದಲ್ಲಿ ಅಕ್ಕನ ಬಲಗೈ ಎರಡು ದಿನ ಜೋಮು ಹಿಡಿದಿತ್ತು. ಡಾಕ್ಟರು ಏನೂ ಇಲ್ಲ ಎಂದರು. ಆದರೆ ಅವಳ ಮಗ ಆಲ್ವಿನ್, ಸೊಸೆ ಪ್ರೀತಿ ಹೆದರಿಬಿಟ್ಟಿದ್ದರು. ಪ್ರೀತಿ ಶಾಲೆಯ ಟೀಚರು, ಒಳ್ಳೆಯ ಹುಡುಗಿ, ಏನಿದ್ದರೂ ಪಟ್ಟಿ ಮಾಡುತ್ತಾಳೆ. ಕ್ರಿಸ್ಮಸ್ಸಿನ ಕೆಲಸಗಳ ಪಟ್ಟಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಳು. ಅಕ್ಕನ ಹೆಸರಿನ ಮುಂದೆ 'ಕುಳಿತು ಮಾಡುವ ಕೆಲಸ' ಎಂದು ಬರೆದಿತ್ತು. ಐವತ್ತೆಂಟು ವರ್ಷದ ನನ್ನ ಅಕ್ಕ ಆ ಪಟ್ಟಿಯ ಜೊತೆ ಒಂದು ಕರಾರು ಮಾಡಿಕೊಂಡಿದ್ದಳು. ಈ ಸಲ ಹೂವು ಅವಳೇ ಕರಿಯುವುದು. ಸರಿಯಾಗಿ ಬಂದರೆ ಅಡುಗೆಮನೆ ಅವಳದ್ದೇ, ಯಾರೂ ಅಡ್ಡ ಬರಬಾರದು. ಕೆಟ್ಟರೆ ಸಟ್ಟುಗ ಸೊಸೆಯ ಕೈಗೆ, ತಿಂಡಿ ಬೇಕರಿಯಿಂದ. ಇದನ್ನೆಲ್ಲ ಅಕ್ಕ ನಗುತ್ತಲೇ ಹೇಳಿ, ಅಚ್ಚನ್ನು ನನ್ನ ಕೈಯಿಂದ ತೆಗೆದುಕೊಂಡು ಎದೆಗೆ ಒತ್ತಿಹಿಡಿದಳು. ಅವಳ ಬಟ್ಟೆಗೆ ಮಸಿ ಹತ್ತೀತು ಎಂದು ನನ್ನ ಜೀವ ಹಾರಿತು. ಹೇಳಬೇಕಾದ ಮಾತು ಗಂಟಲಿನಲ್ಲಿತ್ತು. ಚಹ ಕೊಟ್ಟಳು, ಅದರ ಜೊತೆ ನುಂಗಿದೆ.

ಬುಧವಾರ ಅಕ್ಕನ ಫೋನು ಬಂತು. ಲೀನಾ ಹಿಟ್ಟಿಗೆ ಎಷ್ಟು ಮೊಟ್ಟೆ ಹಾಕಿದಳು ಎಂದು ಕೇಳಿದಳು. ಹೂವು ಅಚ್ಚು ಬಿಡುತ್ತಿಲ್ಲವಂತೆ, ಕಡ್ಡಿಯಿಂದ ಕಿತ್ತರೆ ಚೂರಾಗುತ್ತದಂತೆ. ಬಹುಶಃ ತೆಂಗಿನಕಾಯಿ ಎಳೆಯದಿರಬೇಕು ಎಂದೆ. ಗುರುವಾರ ಪುನಃ ಫೋನು. ಬಲಿತ ಕಾಯಿ ತರಿಸಿದಳಂತೆ, ಆದರೂ ಅದೇ ಕಥೆ. ಅಕ್ಕಿ ಹಳೆಯದಿರಬೇಕು ಎಂದೆ. ಶುಕ್ರವಾರ ಹೊಸ ಅಕ್ಕಿ ನೆನೆಹಾಕಿ ಬೀಸಿದಳು. ಇಪ್ಪತ್ತು ವರ್ಷದಲ್ಲಿ ನಾನು ಅವಳಿಗೆ ಇಷ್ಟು ಸಲಹೆ ಕೊಟ್ಟಿರಲಿಲ್ಲ, ಅವಳು ಒಂದನ್ನೂ ಬಿಡದೆ ಪಾಲಿಸಿರಲೂ ಇಲ್ಲ. ಫೋನು ಬಂದಾಗಲೆಲ್ಲ ಲೀನಾ ನನ್ನ ಎದುರು ಬಂದು ಕೈಕಟ್ಟಿ ನಿಲ್ಲುತ್ತಿದ್ದಳು. ನಾನು ಫೋನು ಹಿಡಿದು ಅಂಗಳಕ್ಕೆ ನಡೆಯುತ್ತಿದ್ದೆ.

ಶನಿವಾರ ಹೇಳಿಯೇ ಬರುತ್ತೇನೆ ಎಂದು ಹೊರಟೆ. ಅಕ್ಕ ಅಡುಗೆಮನೆಯಲ್ಲಿ ಒಬ್ಬಳೇ ಇದ್ದಳು. ಮುಂದೆ ತಟ್ಟೆಯಲ್ಲಿ ಮುರಿದ ಹೂವಿನ ರಾಶಿ. ಅವಳು ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು, ಬೇರೆ ಯಾರದ್ದೋ ಕೈ ಎಂಬಂತೆ. ಅಮ್ಮ ಸತ್ತಾಗ ನನಗೆ ಒಂಬತ್ತು, ಅವಳಿಗೆ ಹದಿನೇಳು. ನನಗೆ ಅನ್ನ ಕಲಸಿ ಕೊಟ್ಟದ್ದು ಆ ಕೈ. ಶಾಲೆ ತಪ್ಪಿಸಿ ದೋಣಿ ನಿಲ್ಲುವ ದಕ್ಕೆಗೆ ಓಡಿದಾಗ ಬೆನ್ನಿಗೆ ಬಿದ್ದದ್ದೂ ಅದೇ.

"ಅಚ್ಚು ಅದೇ, ಹಿಟ್ಟು ಅದೇ," ಎಂದಳು. "ಕೈ ಹೋತು ಪಾಸ್ಕು."

ಈಗ ಹೇಳಬೇಕಿತ್ತು. ಬಾಯಿ ತೆರೆದೆ. ಬಂದ ಮಾತು ಇದು: "ವಯಸ್ಸಾತಲ್ಲ ಅಕ್ಕ. ಎಲ್ಲರಿಗೂ ಹಾಗೇ."

ಅಚ್ಚು ಉಜ್ಜಿದ್ದನ್ನು ದೇವರು ತಿಳಿಗೇಡಿತನ ಎಂದು ಬಿಡಬಹುದು. ಮಸಿ ಹಚ್ಚಿದ್ದನ್ನು ಹೆದರಿಕೆ ಎಂದು ಬಿಡಬಹುದು. ಈ ಮಾತನ್ನು ಯಾವ ಲೆಕ್ಕಕ್ಕೆ ಹಿಡಿಯುತ್ತಾನೋ ನನಗೆ ಗೊತ್ತಿಲ್ಲ. ಅಕ್ಕ ಹೌದು ಎಂಬಂತೆ ತಲೆಯಾಡಿಸಿ, ಒಲೆ ಆರಿಸಿದಳು. ಸಂಜೆ ಪ್ರೀತಿ ಬಂದಾಗ ಸಟ್ಟುಗವನ್ನು ಅವಳ ಕೈಗೆ ಕೊಟ್ಟು ಕುರ್ಚಿಯ ಮೇಲೆ ಕುಳಿತಳಂತೆ. ಅದನ್ನು ಆಲ್ವಿನ್ ನನಗೆ ಫೋನಿನಲ್ಲಿ ಹೇಳಿದ, ಮಾವ ಬಂದು ಬುದ್ಧಿ ಹೇಳಿದ್ದು ಒಳ್ಳೆಯದಾಯಿತು ಎಂದು ಉಪಕಾರವನ್ನೂ ಸ್ಮರಿಸಿದ.

ಲೀನಾ ಆಮೇಲೆ ಜಗಳ ಆಡಲಿಲ್ಲ. ಯಾವ ಭಾಷೆಯಲ್ಲೂ ಆಡಲಿಲ್ಲ. ತಟ್ಟೆ ಇಡುತ್ತಿದ್ದಳು, ತೆಗೆಯುತ್ತಿದ್ದಳು. ಹಬ್ಬದ ಮುಂಚಿನ ಪಾಪನಿವೇದನೆಗೆ ಹೋದೆ. ಹತ್ತು ಜಪದಲ್ಲಿ ಮುಗಿಯಬಹುದೆಂಬ ಆಸೆ ನನ್ನದು. ಫಾದರ್ ಎಲ್ಲ ಕೇಳಿ, ಜಪ ಏನೂ ಬೇಡ, ಹೇಳಬೇಕಾದವರಿಗೆ ಹೇಳು ಎಂದರು. ಗಂಡಸರು ಕೈಹಾಕಬೇಕು ಎಂದು ಪ್ರಸಂಗ ಮಾಡಿದವರೂ ಇವರೇ ಅಲ್ಲವೇ, ಅದನ್ನೊಂದು ನೆನಪಿಸೋಣ ಎಂದುಕೊಂಡೆ. ಧೈರ್ಯವಾಗಲಿಲ್ಲ.

ಇಪ್ಪತ್ನಾಲ್ಕರ ಮಧ್ಯಾಹ್ನ ಲೀನಾಳನ್ನು ಕರೆದುಕೊಂಡೇ ಕುಮಟೆಗೆ ಹೋದೆ. ಒಬ್ಬನೇ ಹೋದರೆ ಪುನಃ ಚಹ ಕುಡಿದು ಬರುತ್ತೇನೆಂದು ಇಬ್ಬರಿಗೂ ಗೊತ್ತಿತ್ತು. ಮೇಜಿನ ಮೇಲೆ ಬೇಕರಿಯ ಡಬ್ಬಿಗಳು. ಅಕ್ಕ ಕುರ್ಚಿಯಲ್ಲಿ ಕುಳಿತು ಕಾಗದದ ಕರವಸ್ತ್ರ ಮಡಚುತ್ತಿದ್ದಳು. ಪ್ರೀತಿ, ಆಲ್ವಿನ್ ಇಬ್ಬರೂ ಅಲ್ಲೇ ಇದ್ದರು. ಚಪ್ಪಲಿ ಬಿಚ್ಚಿ ಒಳಗೆ ಬಂದವನೇ ನಿಂತಲ್ಲಿಂದಲೇ, ನಿನ್ನ ಕೈಗೆ ಏನೂ ಆಗಿಲ್ಲ, ಅಚ್ಚನ್ನು ನಾನು ತಂತಿಬ್ರಶ್ಶು ಹಾಕಿ ಉಜ್ಜಿದ್ದೆ ಎಂದೆ. ಮೊದಲು ಮಾತಾಡಿದ್ದು ಪ್ರೀತಿ.

"ಮಾವ, ನಾಕು ದಿನದಿಂದ ಅತ್ತೆ ಕೈಗೆ ಎಣ್ಣೆ ತಿಕ್ತಾ ಇದ್ದೇನೆ ನಾನು. ಆ ಎಣ್ಣೆ ಅಚ್ಚಿಗೆ ತಿಕ್ಕಿದ್ರೆ ಇಷ್ಟೊತ್ತಿಗೆ ಹೂ ಬಿಡ್ತಿತ್ತು."

ಆಲ್ವಿನ್ ನಗಲು ಹೋಗಿ ತನ್ನ ತಾಯಿಯ ಮುಖ ನೋಡಿ ನಿಲ್ಲಿಸಿದ. ಅಕ್ಕ ಕೈಯಲ್ಲಿದ್ದ ಕಾಗದವನ್ನು ಮಡಚಿ ಮುಗಿಸಿ ಪಕ್ಕಕ್ಕೆ ಇಟ್ಟಳು.

"ಅಚ್ಚು ತಿಕ್ಕಿದ್ದು ಬಿಡು, ನಿನ್ನ ಬುದ್ಧಿ ಅಷ್ಟೇ," ಎಂದಳು. "ಎಲ್ಲ ಗೊತ್ತಿದ್ದೂ ನಂಗೆ ವಯಸ್ಸಾತು ಅಂದ್ಯಲ್ಲ. ಎಂತಕ್ಕೆ ಅಂದೆ?"

ನಾನು ಬಾಗಿಲಾಚೆ ಬಿಚ್ಚಿಟ್ಟ ಚಪ್ಪಲಿಯ ಕಡೆ ನೋಡಿದೆ. ಅವಳು ಎದ್ದಳು. ಫ್ರಿಜ್ಜಿನ ಬಾಗಿಲಿನ ಪಟ್ಟಿಯನ್ನು ಕಿತ್ತು ಸೊಸೆಯ ಕೈಗೆ ಕೊಟ್ಟು, ತಾನು ಕುಳಿತಿದ್ದ ಕುರ್ಚಿಯನ್ನು ಒಲೆಯ ಹತ್ತಿರ ಎಳೆದು ನನ್ನನ್ನು ಕೂರಿಸಿದಳು. ಅಚ್ಚನ್ನು ಎಣ್ಣೆಯಲ್ಲಿ ಕಾಯಿಸು, ಅದ್ದು, ಸುಡು, ಕೆರೆ, ಪುನಃ ಕಾಯಿಸು. ಸಂಜೆಯವರೆಗೆ ಅದೇ ಕೆಲಸ. ಅಂಟಿ ಚೂರಾದದ್ದನ್ನೆಲ್ಲ ನಾನೇ ತಿನ್ನಬೇಕು ಎಂಬುದು ಲೀನಾ ಸೇರಿಸಿದ ಶಿಕ್ಷೆ. ಹೊರಗೆ ನಕ್ಷತ್ರದ ದೀಪ ಹಾಕುವ ಹೊತ್ತಿಗೆ ಅಕ್ಕ ಅಚ್ಚನ್ನು ನನ್ನ ಕೈಯಿಂದ ಕಸಿದುಕೊಂಡು, ತಾನೇ ಅದ್ದಿ, ಎಣ್ಣೆಗಿಳಿಸಿ, ಮಣಿಕಟ್ಟಿನಲ್ಲಿ ಸಣ್ಣದೊಂದು ಕುಲುಕು ಕೊಟ್ಟಳು. ಎರಡು ಎಸಳು ಕಡಿಮೆಯಿದ್ದ ಒಂದು ಹೂವು ಕಳಚಿ ತೇಲಿತು. ಪ್ರೀತಿ ಸಟ್ಟುಗ ತಂದು ಅತ್ತೆಯ ಪಕ್ಕದಲ್ಲಿಟ್ಟಳು. ಆ ವರ್ಷ ಅಕ್ಕಪಕ್ಕದ ಮನೆಗಳಿಗೆ ಹೋದ ತಟ್ಟೆಗಳಲ್ಲಿ ಬೇಕರಿಯ ತಿಂಡಿಯ ಮೇಲೆ ಒಂದೊಂದು ಮುಕ್ಕಾದ ಹೂವು ಇತ್ತು.

ಇಲ್ಲಿಗೆ ಮುಗಿಯಬೇಕಿತ್ತು. ಹೊರಡುವಾಗ ಅಕ್ಕ ಬಾಗಿಲಿಗೆ ಬಂದು, ಅಂಟಿದ್ದೇನೋ ನಿನ್ನಿಂದ, ಆದರೆ ಆಗ ಮಾಡಿದ ಹೂವಿನ ಮೇಲೆಲ್ಲ ಕಪ್ಪು ಚುಕ್ಕಿ ಇತ್ತಲ್ಲ, ಅದು ನನ್ನ ಕಣ್ಣಿನ ದೋಷ, ಹಿಟ್ಟು ಸರಿಯಾಗಿ ಜರಡಿ ಹಿಡಿಯಲಿಲ್ಲ ಎಂದಳು. ನೋಡಿ, ಆ ಚುಕ್ಕಿ ನಾನು ಹಿಡಿಸಿದ ಮಸಿ, ಅದರ ವಿಷಯ ನಾನು ಹೇಳಿರಲಿಲ್ಲ. ಲೀನಾಳಿಗೂ ಹೇಳಿರಲಿಲ್ಲ. ಒಂದೇ ದಿನ ಎರಡು ತಪ್ಪು ಒಪ್ಪಿಕೊಳ್ಳುವಷ್ಟು ಅಭ್ಯಾಸ ನನಗಿಲ್ಲ. ಬಸ್ಸು ಬಂತು ಎಂದು ಹೊರಟುಬಿಟ್ಟೆ. ಜನವರಿಯಲ್ಲಿ ಅಕ್ಕ ಕಣ್ಣಿನ ಡಾಕ್ಟರ ಹತ್ತಿರ ಹೋದಳು. ನಿಜಕ್ಕೂ ನಂಬರು ಬಂದಿತ್ತು. ಕನ್ನಡಕ ಹಾಕಿಕೊಂಡಳು. ಈಗ ಪ್ರಾರ್ಥನೆಯ ಪುಸ್ತಕದ ಸಣ್ಣ ಅಕ್ಷರವೂ ಕಾಣುತ್ತದಂತೆ. ಹೂವಿನ ಮೇಲೆ ಚುಕ್ಕಿ ತೋರಿಸಿ ದೇವರೇ ತನ್ನನ್ನು ಎಚ್ಚರಿಸಿದ ಎಂದು ಚರ್ಚಿನಲ್ಲಿ ನಾಲ್ಕು ಜನರ ಎದುರು ಹೇಳಿ ಮೇಣದಬತ್ತಿಯನ್ನೂ ಹಚ್ಚಿದ್ದಾಳೆ. ಹೀಗೆ ನನ್ನ ಕೆಲಸಕ್ಕೆ ದೇವರ ಹೆಸರು ಬಂದ ಮೇಲೆ ಬಾಯಿ ತೆರೆಯುವುದು ಇನ್ನೂ ಕಷ್ಟವಾಗಿದೆ, ಹೇಳಲು ಹೊರಟು ಎರಡು ಸಲ ವಾಪಸು ಬಂದದ್ದೂ ಇದಕ್ಕೇ.

ಈ ವರ್ಷವೂ ಅಚ್ಚು ಬಂದಿದೆ. ಲೀನಾ ಅದನ್ನು ಒರೆಸಿ, ನನ್ನ ಕೈಗೆ ಸಿಗದಂತೆ ಕಟ್ಟಿ ಇಟ್ಟಿದ್ದಾಳೆ. ಅದರ ಜೊತೆ ಈ ಕಾಗದಗಳನ್ನೂ ಕುಮಟೆಗೆ ಒಯ್ಯುತ್ತೇನೆ. ಅಕ್ಕನ ಕೈಗೆ ಕೊಟ್ಟು, ಅವಳು ಕನ್ನಡಕ ಏರಿಸಿ ಓದಿ ಮುಗಿಸುವವರೆಗೆ ಅಂಗಳದಲ್ಲೇ ನಿಂತಿರುತ್ತೇನೆ. ಈ ಸಲ ಚಪ್ಪಲಿ ಬಿಚ್ಚುವುದಿಲ್ಲ.