ಅತ್ತೆ ಕೊಟ್ಟ ನಕ್ಷತ್ರ

"ಶುಕ್ರವಾರದೊಳಗೆ ಐವತ್ತು ರಿವ್ಯೂ! ಐವತ್ತಕ್ಕೂ ಐದೈದು ಸ್ಟಾರು! ಆಗ್ಲಿಲ್ಲ ಅಂದ್ರೆ ನಾನಿನ್ನು ಸುತ್ತಿಗೆ ಮುಟ್ಟಲ್ಲ!"

ಸೋಮವಾರ ಬೆಳಿಗ್ಗೆ ಬಚ್ಚಲುಮನೆಯ ಬಾಗಿಲಲ್ಲಿ ನಿಂತು, ಹಲ್ಲುಜ್ಜುವ ಬ್ರಷ್ಷನ್ನು ರಾಜದಂಡದಂತೆ ಎತ್ತಿ ಹಿಡಿದು, ಸೋಫಾ ಮೇಸ್ತ್ರಿ ಹೀಗೊಂದು ಘೋರ ಪ್ರತಿಜ್ಞೆ ಮಾಡಿದ. ಪ್ರತಿಜ್ಞೆಯ ರಭಸಕ್ಕೆ ಬಾಯಿಯ ನೊರೆ ಹಾರಿ ಕನ್ನಡಿಯ ಮೇಲೆ ಐದಾರು ಚುಕ್ಕಿ ಬಿತ್ತು.

"ಮೊದ್ಲು ಆ ಸ್ಟಾರುಗಳನ್ನ ಒರೆಸಿ," ಎಂದಳು ಹೆಂಡತಿ.

ಮೇಸ್ತ್ರಿಯ ಕೆಲಸ ಹಳೇ ಸೋಫಾ, ಕುರ್ಚಿಗಳಿಗೆ ಮರುಜನ್ಮ ಕೊಡುವುದು. ಅವನ ಕೈ ಬಂಗಾರ. ಬಾಯಿ ಮಾತ್ರ ಬರೀ 'ನಾಳೆ'. ಆ ನಾಳೆ ಯಾವ ಕ್ಯಾಲೆಂಡರಿನಲ್ಲೂ ಇರಲಿಲ್ಲ. ಹೀಗಿರುವಾಗ ಶನಿವಾರ ಊರಿನ ಹಳೇ ಸಿನಿಮಾ ಹಾಲಿನ ಮ್ಯಾನೇಜರು ಅಂಗಡಿಗೆ ಬಂದು ಒಂದು ಬಾಂಬು ಹಾಕಿ ಹೋಗಿದ್ದ. ಹಾಲಿನ ನೂರ ನಲವತ್ತು ಸೀಟು ಹೊಸದಾಗಿ ಹೊಲಿಸಬೇಕು. "ಕೆಲಸ ನಿಮ್ಮದೇ ಚೆನ್ನ ಅಂತಾರೆ. ಆದ್ರೆ ನಮ್ಮ ಹೆಡ್ಡಾಫೀಸಿನ ಮೇಡಂ ಮೊಬೈಲ್ ನೋಡಿ ತೀರ್ಮಾನ ಮಾಡೋರು. ನಿಮ್ಮ ರಿವ್ಯೂ, ಎದುರಂಗಡಿಯವರ ರಿವ್ಯೂ ಎರಡೂ ಓದಿ ಶುಕ್ರವಾರ ಹೇಳ್ತಾರೆ."

ಎದುರಂಗಡಿಯವನದ್ದೂ ಸೋಫಾ ವ್ಯಾಪಾರವೇ. ಅವನಿಗೆ ಇನ್ನೂರ ಹನ್ನೆರಡು ರಿವ್ಯೂ. ಮೇಸ್ತ್ರಿಗೆ ಮೂರೇ ಮೂರು! ಮೊದಲನೆಯದು ಅವನೇ ತನಗೆ ಬರೆದುಕೊಂಡದ್ದು: "ತುಂಬಾ ಒಳ್ಳೆಯ ಮನುಷ್ಯ." ಎರಡನೆಯದರಲ್ಲಿ ಮಾತಿಲ್ಲ, ಮೂರು ಸ್ಟಾರು ಮತ್ತು ಯಾರದೋ ನಾಯಿಯ ಫೋಟೋ. ಮೂರನೆಯದು ಪಕ್ಕದ ಬೇಕರಿ ಎಂದುಕೊಂಡು ಯಾರೋ ಹಾಕಿದ್ದು: "ಕೇಕ್ ಕಲ್ಲಿನಂತಿದೆ. ಎರಡು ಸ್ಟಾರ್."

"ಇದನ್ನ ಓದಿದೋರು ಏನಂದ್ಕೊಳ್ತಾರೆ? ನಾನು ಸೋಫಾಕ್ಕೆ ಸ್ಪಂಜಿನ ಬದ್ಲು ಕೇಕ್ ತುಂಬ್ತೀನಿ ಅಂತ!" ಎಂದು ಮೇಸ್ತ್ರಿ ಗೋಳಾಡಿದ.

ಹೆಂಡತಿ ಹಲ್ಲಿನ ಆಸ್ಪತ್ರೆಯೊಂದರಲ್ಲಿ ರಿಸೆಪ್ಷನ್ ನೋಡಿಕೊಳ್ಳುವವಳು. "ಅದಕ್ಯಾಕೆ ಇಷ್ಟು ಒದ್ದಾಟ? ಹಲ್ಲು ಕೀಳಿಸ್ಕೊಂಡೋರೇ ನಮಗೆ ನಗುನಗ್ತಾ ನಾಲ್ಕು ಸಾಲು ಬರೀತಾರೆ. ನೀವು ಕೆಲಸ ಮಾಡಿಕೊಟ್ಟೋರನ್ನ ಕೇಳಿ, ಬರೀತಾರೆ."

"ಅವರನ್ನ ಕೇಳಿದ್ರೆ ನಿಜ ಬರೆದುಬಿಡ್ತಾರೆ ಕಣೇ!"

ಮೇಸ್ತ್ರಿಯ ತಲೆಯಲ್ಲಿ ಬೇರೆಯೇ ಲೆಕ್ಕಾಚಾರ ನಡೆದಿತ್ತು. ಅವನ ಕುಟುಂಬದ ಗ್ರೂಪಿನಲ್ಲಿ ನಲವತ್ಮೂರು ಜನ. ಅಕ್ಕ, ಭಾವ, ಚಿಕ್ಕಪ್ಪಂದಿರು, ಸೋದರತ್ತೆಯರು, ದೂರದ ಸಂಬಂಧದ ಮಾವಂದಿರು, ಜೊತೆಗೆ ಹೆಂಡತಿಯ ತಂಗಿಯ ಗಂಡ, ಅಂದರೆ ಷಡ್ಡಕ. ಇಷ್ಟು ದೊಡ್ಡ ಸೈನ್ಯವಿರುವಾಗ ಗಿರಾಕಿಗಳ ಹಂಗೇಕೆ? ತಿಂಡಿ ತಿನ್ನುತ್ತಲೇ ಎಡಗೈಯಲ್ಲಿ ಸಂದೇಶ ಕುಟ್ಟಿ ಕಳಿಸಿದ: "ಈ ಮೇಸ್ತ್ರಿಯ ಕೈಚಳಕ ಅದ್ಭುತ! ನಮ್ಮ ಸೋಫಾ ಹೊಸದಕ್ಕಿಂತ ಹೊಸದಾಯಿತು! ಎಲ್ಲರೂ ಹೀಗೇ ಹಾಕಿ. ಆದರೆ ಒಂಚೂರು ಬದಲಾಯಿಸಿ, ಸಂಬಂಧಿಕರು ಅಂತ ಯಾರಿಗೂ ಗೊತ್ತಾಗಬಾರದು."

ಸಂಜೆಯೊಳಗೆ ಇಪ್ಪತ್ತಾರು ರಿವ್ಯೂ! ಫೋನು ಟಿಣ್ ಎಂದಾಗಲೆಲ್ಲ ಮೇಸ್ತ್ರಿಯ ಎದೆ ಒಂದೊಂದು ಇಂಚು ಉಬ್ಬಿತು. ಹೆಂಡತಿ ಕೆಲಸದಿಂದ ಬಂದವಳೇ ಫೋನು ಇಸಿದುಕೊಂಡು ಗಟ್ಟಿಯಾಗಿ ಓದತೊಡಗಿದಳು.

"'ಈ ಮೇಸ್ತ್ರಿಯ ಕೈಚಳಕ ಅದ್ಭುತ. ಎಲ್ಲರೂ ಹೀಗೇ ಹಾಕಿ, ಸಂಬಂಧಿಕರು ಅಂತ ಯಾರಿಗೂ ಗೊತ್ತಾಗಬಾರದು.' ಇದು ನಿಮ್ಮ ಚಿಕ್ಕಪ್ಪ. 'ಎಲ್ಲರೂ ಹೀಗೇ ಹಾಕಿ, ಸಂಬಂಧಿಕರು ಅಂತ ಯಾರಿಗೂ ಗೊತ್ತಾಗಬಾರದು.' ಇದು ಸೋದರತ್ತೆ. ಇದೂ ಅದೇ. ಇದೂ ಅದೇ. ರೀ, ಇಡೀ ವಂಶಾನೇ ಒಂದೇ ರಾಗ ಹಾಡಿದೆಯಲ್ರೀ!"

ಮೇಸ್ತ್ರಿಯ ಎದೆಯಿಂದ ಗಾಳಿ ಸುಯ್ಯೆಂದು ಇಳಿಯಿತು. "ಅಕ್ಕ ಬುದ್ಧಿವಂತೆ. ಅವಳಾದ್ರೂ ಬದಲಾಯಿಸಿರ್ತಾಳೆ, ನೋಡು."

"ಬದಲಾಯಿಸಿದಾರೆ. 'ಈ ಮೇಸ್ತ್ರಿಯ' ಅನ್ನೋದು ತೆಗೆದು 'ನನ್ನ ಸ್ವಂತ ತಮ್ಮನ' ಅಂತ ಹಾಕಿದಾರೆ."

ತನ್ನ ಸ್ವಂತ ಮಾತಿನಲ್ಲಿ ಬರೆದಿದ್ದವನು ಷಡ್ಡಕನೊಬ್ಬನೇ. ಅವನಿಗೆ ಮೊದಲಿನಿಂದಲೂ ಕೈ ಸ್ವಲ್ಪ ಧಾರಾಳ. "ಹತ್ತು ವರ್ಷದಿಂದ ಸೊಂಟ ನೋವು. ಕಾಣದ ವೈದ್ಯರಿಲ್ಲ. ಈ ಮಹಾನುಭಾವರು ಮಾಡಿದ ಕುರ್ಚಿಯಲ್ಲಿ ಒಮ್ಮೆ ಕೂತೆ. ಈಗ ಮೂರು ಮಹಡಿ ಓಡಿ ಹತ್ತುತ್ತೇನೆ!"

ಮಂಗಳವಾರ ಅಂಗಡಿಯ ಷಟರು ಎತ್ತುವ ಹೊತ್ತಿಗೆ ಹೊರಗೆ ಮೂವರು ಬಗ್ಗಿಕೊಂಡು ನಿಂತಿದ್ದರು. ಅವರಲ್ಲಿ ವಯಸ್ಸಾದವರೊಬ್ಬರು ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು ತೋರಿಸಿದರು. "ಇಲ್ಲಿ ನೋಡಿ, ನಾಲ್ಕನೇ ಮೂಳೆ. ಡಾಕ್ಟರು ಎಷ್ಟು ಹೊತ್ತಿಗೆ ಬರ್ತಾರೆ?"

"ಇಲ್ಲಿ ಡಾಕ್ಟರಿಲ್ಲ ಯಜಮಾನ್ರೇ, ಇದು ಸೋಫಾ ಅಂಗಡಿ."

"ಗೊತ್ತಪ್ಪಾ, ಆ ಕುರ್ಚಿ ತೋರಿಸು. ಹತ್ತು ನಿಮಿಷ ಕೂತು ಹೋಗ್ತೀನಿ."

ಮೂವರೂ ಸರದಿಯ ಮೇಲೆ ಮಧ್ಯಾಹ್ನದವರೆಗೆ ಕೂತರು. ಮೂವರೂ ಬಗ್ಗಿಕೊಂಡೇ ಹೋದರು. ಹೋಗುವ ಮುನ್ನ ಒಂದೊಂದು ರಿವ್ಯೂ ಹಾಕಿ ಹೋದರು. ಅವುಗಳಲ್ಲಿ ಏನಿತ್ತೆಂದು ಇಲ್ಲಿ ಬರೆಯದಿರುವುದೇ ಮೇಸ್ತ್ರಿಗೆ ನಾವು ಮಾಡಬಹುದಾದ ಉಪಕಾರ.

ಗಾಬರಿಯಾದ ಮೇಸ್ತ್ರಿ ಗ್ರೂಪಿಗೆ ಇನ್ನೊಂದು ಸಂದೇಶ ಕಳಿಸಿದ: "ದಯವಿಟ್ಟು ಎಲ್ಲರೂ ಬೇಗ ಅಳಿಸಿ! ಮಾನ ಹೋಗ್ತಿದೆ!" ಹತ್ತು ಜನ ಅಳಿಸಿದರು. ಉಳಿದವರು ಇದೂ ಹಾಕಬೇಕಾದ ರಿವ್ಯೂ ಎಂದೇ ತಿಳಿದು, ಐದು ಸ್ಟಾರಿನ ಕೆಳಗೆ ನಿಷ್ಠೆಯಿಂದ ಬರೆದರು: "ದಯವಿಟ್ಟು ಎಲ್ಲರೂ ಬೇಗ ಅಳಿಸಿ! ಮಾನ ಹೋಗ್ತಿದೆ!"

ಬುಧವಾರ ಸಂಜೆ ಮುಳುಗುವವನಿಗೆ ಹುಲ್ಲುಕಡ್ಡಿಯಂತೆ ಅತ್ತೆ ನೆನಪಾದರು. ಎರಡು ಬೀದಿಯಾಚೆ ಒಬ್ಬರೇ ಇರುವ, ಗ್ರೂಪು ಗೀಪು ಎಂದರೆ ಮಾರು ದೂರ ಹೋಗುವ ಅತ್ತೆ. ಹೆಂಡತಿ ಅವತ್ತು ಅಮ್ಮನ ಮನೆಯಲ್ಲೇ ಇದ್ದಳು. ಮೇಸ್ತ್ರಿ ಫೋನು ಹಚ್ಚಿದ.

"ಅತ್ತೆ, ನೀವಾದ್ರೂ ನನ್ನ ಬಗ್ಗೆ ಎರಡು ಒಳ್ಳೆ ಮಾತು ಬರೀರಿ. ನಿಮ್ಮ ಸ್ವಂತ ಮಾತಲ್ಲೇ ಬರೀರಿ."

"ಬರೀಬಹುದಿತ್ತು ಅಳಿಯಂದ್ರೇ. ಆ ಇರುವೆಯಂಥ ಅಕ್ಷರ ಒತ್ತೋಕೆ ನನಗೆ ಎಲ್ಲಿ ಬರುತ್ತೆ?"

"ಒತ್ತೋದೇ ಬೇಡ ಅತ್ತೆ. ಮೈಕಿನ ಗುರುತು ಮುಟ್ಟಿ ಮಾತಾಡಿ, ಅದೇ ಬರ್ಕೊಳ್ಳುತ್ತೆ."

ಕಾಲು ಗಂಟೆಯಲ್ಲಿ ಫೋನು ಟಿಣ್ ಎಂದಿತು. ಅತ್ತೆಯ ರಿವ್ಯೂ ಹೀಗಿತ್ತು:

"ನಮಸ್ಕಾರ ನಮ್ಮ ಅಳಿಯಂದಿರು ತುಂಬಾ ಒಳ್ಳೆ ಕೆಲಸಗಾರರು ಏನೇ ಇದು ಬರ್ಕೊಳ್ತಾ ಇದೆಯಾ ಸರಿ ಸರಿ ತುಂಬಾ ಒಳ್ಳೆಯವರು ನಮ್ಮನೆ ಸೋಫಾ ತಗೊಂಡು ಹೋಗಿ ಎಂಟು ತಿಂಗಳಾಯ್ತು ನಾಳೆ ನಾಳೆ ಅಂತಾರೆ ನಾನು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಟಿವಿ ನೋಡ್ತೀನಿ ಹಾಲು ಇಳಿಸೇ ಉಕ್ಕುತ್ತೆ ಆದ್ರೆ ಕೆಲಸ ಅಂದ್ರೆ ಕೆಲಸ ನಿಮ್ಮಪ್ಪನ ಕುರ್ಚಿ ಹನ್ನೊಂದು ವರ್ಷದ ಹಿಂದೆ ಮಾಡಿಕೊಟ್ರಲ್ಲ ಒಂದು ಹೊಲಿಗೆ ಬಿಟ್ಟಿಲ್ಲ ಒಂದು ಮೊಳೆ ಎದ್ದಿಲ್ಲ ಬೇರೆಯವರು ಗಮ್ಮು ಮೆತ್ತಿ ಅಂಟಿಸ್ತಾರೆ ಇವರು ಕೂತು ಕೈಯಲ್ಲೇ ಹೊಲೀತಾರೆ ತಡ ಆಗ್ದೆ ಏನಾಗುತ್ತೆ ಅಯ್ಯೋ ಉಕ್ಕೇ ಹೋಯ್ತಲ್ಲೇ ಮಾರಾಯ್ತಿ ಇದನ್ನ ಎಲ್ಲಿ ಒತ್ತಿ ನಿಲ್ಲಿಸ್ಬೇಕು"

ಅದರ ತಲೆಯ ಮೇಲೆ ಒಂದು, ಒಂದೇ ಒಂದು ಸ್ಟಾರು!

"ಅತ್ತೇ!" ಮೇಸ್ತ್ರಿಯ ದನಿ ಕೀರಲಾಯಿತು. "ಒಂದೇ ಸ್ಟಾರ್ ಕೊಟ್ಟಿದೀರಲ್ಲ?"

"ಮತ್ತೆ? ನೀವು ನಂಬರ್ ಒನ್ ಅಲ್ವಾ? ನನ್ನ ಅಳಿಯನ್ನ ಐದನೇ ನಂಬರ್ ಅನ್ನೋಕೆ ನನಗೆ ಬಾಯಿ ಬರುತ್ಯೇ? ನೀವೇನೂ ಚಿಂತೆ ಮಾಡ್ಬೇಡಿ. ಆ ಎದುರಂಗಡಿಯವನಿಗೂ ಹಾಕಿದೀನಿ. ಐದು ಒತ್ತಿದೆ. ಬಿದ್ದಿರ್ಲಿ ಅವನು ಐದನೇ ನಂಬರಿನಲ್ಲಿ!"

ಮೇಸ್ತ್ರಿ ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದ.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಹೆಡ್ಡಾಫೀಸಿನ ಮೇಡಂ ಫೋನು ಬಂತು. "ನಿಮ್ಮ ರಿವ್ಯೂ ಎಲ್ಲಾ ಓದಿದೆ. ಆ ಒಂದು ಸ್ಟಾರ್ ಕೊಟ್ಟಿದಾರಲ್ಲ, ಹಾಲು ಉಕ್ಕಿಸ್ಕೊಂಡೋರು. ಅವರ ಸೋಫಾ ನಾನು ನೋಡ್ಬೇಕು. ನಾಳೆ ಹನ್ನೊಂದಕ್ಕೆ ಬರ್ತೀನಿ. ಆಗಿದೆ ತಾನೇ?"

"ಆಗ್ದೆ ಏನು ಮೇಡಂ! ಫಸ್ಟ್ ಕ್ಲಾಸಾಗಿ ರೆಡಿ ಇದೆ!" ಎಂದುಬಿಟ್ಟಿತು ಬಾಯಿ. ಫೋನು ಇಟ್ಟ ಮೇಲೆ ಮೇಸ್ತ್ರಿ ಅಂಗಡಿಯ ಹಿಂಬದಿಗೆ ಹೋಗಿ ನೋಡಿದ. ಅತ್ತೆಯ ಸೋಫಾ ಇತ್ತು. ಅಂದರೆ ಅದರ ಅಸ್ಥಿಪಂಜರ ಇತ್ತು. ಸಾಮಾನು ಸಾಲದಾದಾಗಲೆಲ್ಲ, ಹೇಗೂ ಮನೆಯದೇ ತಾನೇ ಎಂದು ಮೇಸ್ತ್ರಿ ಅದರಿಂದ ಒಂದೊಂದನ್ನೇ ಕಿತ್ತು ಬೇರೆಯವರಿಗೆ ಹಾಕಿದ್ದ. ಹೀಗೆ ಎಂಟು ತಿಂಗಳಲ್ಲಿ ಅತ್ತೆಯ ಸೋಫಾ ಬೀದಿಗೆಲ್ಲ ಹಂಚಿಹೋಗಿತ್ತು. ಹೊಸದು ತರೋಣವೆಂದರೆ ಸ್ಪ್ರಿಂಗ್ ಮಾರುವ ಅಂಗಡಿಗೆ ಗುರುವಾರವೇ ರಜೆ!

ಮೇಸ್ತ್ರಿ ಇಕ್ಕಳ ಹಿಡಿದು ಓಡಿದ. ಮೊದಲು ಕ್ಷೌರದಂಗಡಿ. ಅಲ್ಲಿ ಬೆಂಚಿನ ಮೇಲೆ ಪೇಪರು ಓದುತ್ತ ಕೂತಿದ್ದವರಿಗೆ ಕೈಮುಗಿದ. "ಒಂದು ಸಲ ಏಳಿ ಸ್ವಾಮಿ! ನೀವು ಕೂತಿರೋದು ನಮ್ಮತ್ತೆಯ ಸ್ಪ್ರಿಂಗಿನ ಮೇಲೆ!" ಅವರು ಹೌಹಾರಿ ಎದ್ದರು. ಬೇಕರಿಯವನ ಕುರ್ಚಿಯಿಂದ ಸ್ಪಂಜು ಎಳೆದುಕೊಂಡ. "ಕೇಕ್ ವಿಷಯದಲ್ಲಿ ನಿನ್ನಿಂದ ನನ್ನ ಮಾನ ಹೋಗಿದೆ. ಇದು ಅದಕ್ಕೆ ಸರಿ ಹೋಯ್ತು!" ಕೊನೆಗೆ ನಾಲ್ಕು ಕಾಲುಗಳಿಗಾಗಿ ಹೆಂಡತಿಯ ಆಸ್ಪತ್ರೆಗೇ ಬಂದ. ಕೆನ್ನೆ ಊದಿಸಿಕೊಂಡ ನಾಲ್ವರು ಬೆಂಚಿನಿಂದೆದ್ದು ಗೋಡೆಗೊರಗಿ ನಿಂತರು. ಮೇಸ್ತ್ರಿ ಬೆಂಚಿನ ಕೆಳಗೆ ತೂರಿಕೊಂಡ.

"ಅದಕ್ಕೇ!" ಎಂದಳು ಹೆಂಡತಿ ಸೊಂಟದ ಮೇಲೆ ಕೈಯಿಟ್ಟು. "ಆರು ತಿಂಗಳಿಂದ ಈ ಕಾಲುಗಳನ್ನ ಎಲ್ಲೋ ನೋಡಿದೀನಲ್ಲ, ಎಲ್ಲೋ ನೋಡಿದೀನಲ್ಲ ಅಂತ ನಾನು ತಲೆ ಕೆಡಿಸ್ಕೊಂಡಿದ್ದೆ! ನಮ್ಮಮ್ಮ ಸ್ಟೂಲಿನ ಮೇಲೆ, ಅವರ ಸೋಫಾ ಕಾಲು ಊರೋರ ಕೆಳಗೆ!"

"ಬೈಯೋದು ಆಮೇಲೆ ಇಟ್ಕೋ. ಈಗ ಆ ಟಾರ್ಚು ಹಿಡಿ."

ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಮೇಸ್ತ್ರಿ ಹಾಗೆ ಕೆಲಸ ಮಾಡಿದ್ದನ್ನು ಹೆಂಡತಿ ನೋಡಿರಲಿಲ್ಲ. ಆದರೆ ಒಂದು ಮಾತು ಹೇಳಲೇಬೇಕು: ಅಷ್ಟು ಅವಸರದಲ್ಲೂ ಅವನು ಗಮ್ಮಿನ ಡಬ್ಬಿಯ ಕಡೆ ತಿರುಗಿ ಕೂಡ ನೋಡಲಿಲ್ಲ. ಒಂದೊಂದು ಹೊಲಿಗೆಯನ್ನೂ ಕೈಯಲ್ಲೇ ಹಾಕಿದ. "ಅಂಟಿಸಿಬಿಡಿ, ಯಾರು ನೋಡ್ತಾರೆ?" ಎಂದು ಹೆಂಡತಿ ಅಂದದ್ದಕ್ಕೆ, "ಅತ್ತೆ ಕೂತ್ಕೊಳ್ಳೋ ಜಾಗ ಕಣೇ," ಎಂದನಷ್ಟೇ. ಅವಳು ಸೂಜಿಗೆ ದಾರ ಪೋಣಿಸಿಕೊಟ್ಟಳು.

ಶುಕ್ರವಾರ ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಕೈಗಾಡಿಯ ಮೇಲೆ ಸೋಫಾ ಅತ್ತೆಯ ಮನೆ ತಲುಪಿತು. ಮೇಡಂ ಬಂದರು. ಕೂತರು. ಎದ್ದರು. ಮತ್ತೆ ಕೂತರು. ದಿಂಬು ತಿರುಗಿಸಿ ಹೊಲಿಗೆ ಎಣಿಸಿದರು. ಮೊಣಕಾಲೂರಿ ಸೋಫಾದ ಹೊಟ್ಟೆಯ ಕೆಳಗೆಲ್ಲ ಇಣುಕಿದರು.

"ಅಮ್ಮಾ, ಈ ಸೋಫಾ ಯಾವಾಗ ಬಂತು?" ಎಂದು ಕೇಳಿದರು.

ಮೇಸ್ತ್ರಿ ಅತ್ತೆಯ ಕಡೆ ನೋಡಿ ಕಣ್ಣಲ್ಲೇ ಬೇಡಿಕೊಂಡ.

"ಈಗ್ಲೇ, ನೀವು ಬರೋಕೆ ಹತ್ತು ನಿಮಿಷ ಮೊದ್ಲು," ಎಂದರು ಅತ್ತೆ. "ಆದ್ರೆ ನೋಡಿ, ಇನ್ನು ನಾನು ಇರೋವರೆಗೂ ಇದಕ್ಕೇನೂ ಆಗಲ್ಲ."

ಮೇಡಂ ಜೋರಾಗಿ ನಕ್ಕರು. "ಮೇಸ್ತ್ರಿಯವರೇ, ಐದು ಸ್ಟಾರ್ ಕೊಟ್ಟೋರಲ್ಲಿ ಒಬ್ಬರ ಮಾತೂ ನಾನು ನಂಬಲಿಲ್ಲ. ಬೈತಾ ಬೈತಾ ಹೊಗಳಿದ್ರಲ್ಲ, ಅದನ್ನ ನಂಬಿದೆ. ನೂರ ನಲವತ್ತು ಸೀಟೂ ನಿಮಗೇ. ಆದ್ರೆ ವಾರಕ್ಕೆ ಇಪ್ಪತ್ತು ಸೀಟು ತಪ್ಪದೆ ಬರ್ಬೇಕು. ನಿಮ್ಮ ಮಾತನ್ನ ನೆಚ್ಚೋ ಹಾಗಿಲ್ಲ. ಪ್ರತಿ ವಾರ ಈ ಅಮ್ಮ ನೋಡಿ ಸಹಿ ಹಾಕಿದ್ರೆ ಮಾತ್ರ ನಾವು ಸೀಟು ಇಳಿಸ್ಕೊಳ್ಳೋದು."

"ಅದಕ್ಕೇನಂತೆ, ಬರ್ತೀನಿ," ಎಂದರು ಅತ್ತೆ. "ಮನೇಲಿ ಕೂತು ನಾನೇನು ಮಾಡ್ಬೇಕು?"

ಸೋಮವಾರದಿಂದ ಅತ್ತೆಯ ಸವಾರಿ ಅಂಗಡಿಗೆ ದಯಮಾಡಿಸಿತು. ಒಂಬತ್ತಕ್ಕೆ ಬಂದರೆ ಐದಕ್ಕೆ ಏಳುವುದು. ಗಿರಾಕಿ ಬಂದರೆ ಮೇಸ್ತ್ರಿಗಿಂತ ಮೊದಲು ಅವರೇ ಮಾತಿಗಿಳಿಯುವರು. ಒಬ್ಬಾಕೆ ತನ್ನ ಕುರ್ಚಿ ಯಾವಾಗ ಆಗುತ್ತದೆಂದು ಕೇಳಿದಾಗ ಮೇಸ್ತ್ರಿ ಹಳೇ ರೂಢಿಯಲ್ಲಿ "ನಾ..." ಎಂದು ಬಾಯಿ ತೆರೆದ. ಬೆನ್ನ ಹಿಂದೆ ಅತ್ತೆ ಕೆಮ್ಮಿದರು. "ನಾ... ನಾಲ್ಕು ಗಂಟೆಗೆ!" ಎಂದ ಮೇಸ್ತ್ರಿ. ನಾಲ್ಕಕ್ಕೆ ಕುರ್ಚಿ ಕೊಟ್ಟೂಬಿಟ್ಟ.

ಆ ಸಂಜೆ ಫೋನು ಟಿಣ್ ಎಂದಿತು. ಯಾರೂ ಕೇಳದೆ, ಯಾರೂ ಹೇಳಿಕೊಡದೆ, ಸಂಬಂಧಿಕರಲ್ಲದ ಗಿರಾಕಿಯೊಬ್ಬಳು ಕೊಟ್ಟ ಅಪ್ಪಟ ಐದು ಸ್ಟಾರು! ಮೇಸ್ತ್ರಿ ಕುಣಿದಾಡಿಬಿಟ್ಟ. "ಬಾರೇ ಇಲ್ಲಿ! ಓದು, ಗಟ್ಟಿಯಾಗಿ ಓದು! ಬೀದಿಗೆಲ್ಲ ಕೇಳ್ಲಿ!"

ಹೆಂಡತಿ ಗಂಟಲು ಸರಿಮಾಡಿಕೊಂಡು ಓದಿದಳು:

"ಅಂಗಡಿಯ ಮಾಲೀಕರಾದ ಅಮ್ಮನವರು ತುಂಬಾ ಒಳ್ಳೆಯವರು, ಹೇಳಿದ ಹೊತ್ತಿಗೆ ಸರಿಯಾಗಿ ಕೊಡುತ್ತಾರೆ. ಅವರ ಹತ್ತಿರ ಒಬ್ಬ ಕೆಲಸದವನಿದ್ದಾನೆ. ಅವನೂ ಪರವಾಗಿಲ್ಲ."