ಎದೆಯ ಅಪ್ಪಣೆ

ನನ್ನ ಸೋದರತ್ತೆಯ ಮನೆಯಲ್ಲಿ ಪಂಚಾಂಗ ಇರಲಿಲ್ಲ. ಅದು ಅವರ ಎದೆಯೊಳಗೇ ಇತ್ತು! ನಗುತ್ತಲೇ ಹೇಳಲು ಕೂತಿದ್ದೇನೆ, ನಡುವೆ ನಗು ನಿಂತರೆ ಕ್ಷಮಿಸಿ.

ಯಾವ ಕೆಲಸಕ್ಕೂ ಮೊದಲು ಅತ್ತೆ ಬಲಗೈಯನ್ನು ಎದೆಯ ಮೇಲಿಟ್ಟು ಕಣ್ಣು ಮುಚ್ಚುತ್ತಿದ್ದರು. ಡವಡವ ಎಂದರೆ ಕೆಲಸ ರದ್ದು. ಸುಮ್ಮನಿದ್ದರೆ ಅಪ್ಪಣೆಯಾಯಿತೆಂದು ಅರ್ಥ. ಬಳ್ಳಾರಿಯ ಬ್ರೂಸ್‌ಪೇಟೆಯ ಅಂಗಡಿಯವನು ರಾಶಿ ಸೀರೆ ಬಿಚ್ಚಿ ಹಾಕಿದ ಮೇಲೆ, "ಎದಿ ಒಲ್ಲೆ ಅನ್ನಾಕತ್ತೈತ್ರಿ" ಎಂದು ಎದ್ದು ಬರುವವರು ಇನ್ಯಾರಾದರೂ ಉಂಟೇ?

ನನ್ನ ತಂಗಿಯನ್ನು ನೋಡಲು ಕುರುಗೋಡಿನಿಂದ ವರ ಬಂದಾಗಲೂ ಅತ್ತೆಯ ಎದೆ ಬಡಿದುಕೊಂಡಿತು. ಸಂಬಂಧ ಮುರಿದೇಬಿಡುತ್ತಿತ್ತು. ಕೊನೆಗೆ ವಿಚಾರಿಸಿದರೆ, ಬೀಗರಿಗೆಂದು ಮಾಡಿದ ಗಟ್ಟಿ ಕಾಫಿಯನ್ನು ರುಚಿ ನೋಡುತ್ತಾ ನೋಡುತ್ತಾ ಅರ್ಧ ಪಾತ್ರೆ ಇವರೇ ಖಾಲಿ ಮಾಡಿದ್ದರು! ತಂಗಿ ಈಗ ಕುರುಗೋಡಿನಲ್ಲೇ ಸುಖವಾಗಿದ್ದಾಳೆ.

ಇದರ ಪೂರ್ತಿ ಫಲ ಉಂಡವರು ಮಾವ. ಅವರದು ಅಕ್ಕಿ ವ್ಯಾಪಾರ. ಕೌಲ್ ಬಜಾರಿನ ಮನೆಯಿಂದ ಸಿರುಗುಪ್ಪದ ಮಿಲ್ಲುಗಳಿಗೆ ಬೈಕಿನಲ್ಲಿ ಓಡಾಟ. ಬೈಕ್ ಚಾಲೂ ಮಾಡಿ ಬಾಗಿಲಲ್ಲೇ ಕಾಯುತ್ತಿದ್ದರು.

"ಸಿಗ್ನಲ್ ಬಿತ್ತೇನ?"

"ಇಲ್ರಿ, ಇವತ್ತು ಹೋಗಬ್ಯಾಡ್ರಿ."

ಮಾವ ಬೈಕ್ ಒಳಗೆ ತಳ್ಳಿ, ಚಾಪೆ ಹಾಸಿ, ಮಧ್ಯಾಹ್ನದವರೆಗೆ ಗೊರಕೆ ಹೊಡೆಯುತ್ತಿದ್ದರು. ಆ ಎದೆಯನ್ನು ಅವರಷ್ಟು ನಂಬಿದವರು ಇನ್ನೊಬ್ಬರಿಲ್ಲ.

ಹೋದ ವರ್ಷ ಅತ್ತೆಯ ಎದೆ ಕಾರಣವೇ ಇಲ್ಲದೆ ಓಡತೊಡಗಿತು. ಡಾಕ್ಟರು ಗುಳಿಗೆ ಬರೆದುಕೊಟ್ಟು ತಿಳಿಸಿ ಹೇಳಿದರು. "ನೋಡ್ರಿ ಅಮ್ಮ, ನಾವು ಹೇಳದಿದ್ರೂ ತಮ್ಮಷ್ಟಕ್ಕ ತಾವಽ ಕೆಲಸ ಮಾಡೋ ನರ ಮೈಯಾಗ ಅದಾವು. ಹೆದರಿದ್ರ ಎದಿ ಓಡಿಸ್ತಾವ, ಬೆವರು ಬರಿಸ್ತಾವ. ಈ ಗುಳಿಗಿ ಎದಿಗೆ ಹೋಗೋ ಸುದ್ದೀನ ತಡೀತೈತಿ."

"ಬೆವರಿನ ಸುದ್ದಿ?"

"ಅದರ ದಾರಿ ಬ್ಯಾರೆ. ಅದು ಬರ್ತೈತಿ ಬಿಡ್ರಿ."

ಬಳ್ಳಾರಿಯಲ್ಲಿ ಬೆವರಿನ ಚಿಂತೆ ಯಾರಿಗೆ!

ಗುಳಿಗೆ ಶುರುವಾದ ಮೇಲೆ ಹಲ್ಲಿ ಹೆಗಲ ಮೇಲೆ ಬಿದ್ದರೂ ಅತ್ತೆಯ ಎದೆ ತುಟಿ ಪಿಟಕ್ಕೆನ್ನಲಿಲ್ಲ. ಸೀರೆ ಅಂಗಡಿಯವನಿಗೆ ಹಬ್ಬ, ತೋರಿಸಿದ್ದೆಲ್ಲ ಪಾಸು. ಮಾವ ಮಾತ್ರ ಗೋಳಾಡಿದರು. "ನನ್ನ ರಜಾ ಎಲ್ಲಾ ನುಂಗಿಬಿಡ್ತಲೇ ಈ ಗುಳಿಗಿ!"

ಇನ್ನು ಎದೆಯನ್ನು ಕೇಳುವುದು ಬಿಡಿ ಎಂದು ನಾನು ಹೇಳಿದ್ದಕ್ಕೆ ಅತ್ತೆ ನಕ್ಕಿದ್ದರು. "ಹೆಂಗ ಬಿಡ್ಲಿ ಲೇ? ಅವರು ಬಾಗಿಲಾಗ ಕಾಯ್ತಿರ್ತಾರಲ್ಲ."

ಈ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಮಾವ ಎಂದಿನಂತೆ ಬೈಕ್ ಚಾಲೂ ಮಾಡಿ ನಿಂತರು. ಅತ್ತೆ ಕೈಯಿಟ್ಟು ನೋಡಿದರು. ಎದೆ ಶಾಂತವಾಗಿತ್ತು. ಅಂಗೈ ಮಾತ್ರ ಬೆವರಿನಲ್ಲಿ ತೊಯ್ದು ತೊಪ್ಪೆಯಾಗಿತ್ತಂತೆ. ಸೆರಗಿಗೆ ಒರೆಸಿಕೊಂಡು, "ಎಂಥಾ ಸೆಕಿ ಐತ್ರಿ ಇವತ್ತು! ಹೋಗಿ ಬರ್ರಿ" ಎಂದರು.

ಸಿರುಗುಪ್ಪದ ಮಿಲ್ಲಿನಲ್ಲಿ ಹಿಡಿ ಅಕ್ಕಿ ಕೈಗೆ ತೆಗೆದುಕೊಂಡು ನೋಡುತ್ತಿದ್ದ ಮಾವ ಹಾಗೆಯೇ ಕುಸಿದರು. ಹೃದಯಾಘಾತವಾಗಿತ್ತು. ಮಧ್ಯಾಹ್ನದ ಹೊತ್ತಿಗೆ ದೇಹವನ್ನು ಮನೆಗೆ ತಂದು, ವಿಭೂತಿ ಹಚ್ಚಿ, ನಮ್ಮಲ್ಲಿಯ ಪದ್ಧತಿಯಂತೆ ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದರು.

ನಾನು ಹೋದಾಗ ಅತ್ತೆ ಎದುರಿಗೇ ಕೂತಿದ್ದರು. ಅಳುತ್ತಿರಲಿಲ್ಲ. ಕೈ ಎದೆಯ ಮೇಲಿತ್ತು.

"ನೋಡ್ಲೇ, ಅವರು ಹೋದ್ರೂ ಇದು ಸುಮ್ಮನ ಐತಿ. ಇದರ ಮಾತು ಕೇಳಿ ನಾನಽ ಹೋಗಿ ಬರ್ರಿ ಅಂದೆ."

"ಅದು ಗುಳಿಗಿ ಕೆಲಸ ಅತ್ತಿ, ನಿಮ್ಮ ತಪ್ಪಲ್ಲ."

ಮಾವನಿಲ್ಲದ ಆ ಮನೆಯನ್ನು ನೆನೆದರೇ ನನಗೆ ತಡೆಯಲಾಗುತ್ತಿರಲಿಲ್ಲ. ಅತ್ತೆ ನನ್ನ ಕಡೆ ತಿರುಗಿ, ತಮ್ಮ ಎದೆಯ ಮೇಲಿದ್ದ ಕೈಯನ್ನು ತೆಗೆದು ನನ್ನ ಎದೆಯ ಮೇಲಿಟ್ಟರು. ಬೆವತ ಅಂಗೈಯಿಂದ ಅಂಗಿ ಒದ್ದೆಯಾಯಿತು. ನನ್ನ ಎದೆ ಡವಡವ ಎಂದು ಬಡಿದುಕೊಳ್ಳುತ್ತಿತ್ತು. ಅವರು ಕಣ್ಣು ಮುಚ್ಚಿ ಬಹಳ ಹೊತ್ತು ಅದನ್ನೇ ಕೇಳಿದರು.

ಆಮೇಲೆ ಕಣ್ಣು ತೆರೆದು, ಗೋಡೆಗೆ ಒರಗಿದ್ದ ಮಾವನಿಗೆ ಮೆಲ್ಲಗೆ ಹೇಳಿದರು.

"ಇಲ್ರಿ, ಇವತ್ತು ಹೋಗಬ್ಯಾಡ್ರಿ."